ಯುದ್ಧಗಳಿಗೆ ಲೆಕ್ಕ ಇಡುವ ಊರು

ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮಿನಲ್ಲಿ ಉತ್ತರದ ರೈಲು ಹತ್ತಿದರೆ ಮುಕ್ಕಾಲು ಗಂಟೆಯೊಳಗೆ ಉಪ್ಸಾಲ ಸಿಗುತ್ತದೆ. ದೂರ ಸುಮಾರು 70 ಕಿಲೋಮೀಟರ್. ದಾರಿಯುದ್ದಕ್ಕೂ ಬಯಲು, ಹೊಲ, ನಡುನಡುವೆ ಕೆಂಪು ಬಣ್ಣ ಬಳಿದ ಮರದ ಮನೆಗಳು. ಊರು ಕಣ್ಣಿಗೆ ಬೀಳುವ ಮೊದಲೇ ಅಲ್ಲಿನ ಮಹಾ ಚರ್ಚಿನ ಜೋಡಿ ಗೋಪುರಗಳು ಕಾಣಿಸಿಕೊಳ್ಳುತ್ತವೆ. ಅವುಗಳ ಎತ್ತರ 118 ಮೀಟರಿಗೂ ಹೆಚ್ಚು. ಕಟ್ಟಡದ ಉದ್ದವೂ ಅಷ್ಟೇ ಇದೆ ಎಂದು ಊರಿನವರು ಹೆಮ್ಮೆಯಿಂದ ಹೇಳುತ್ತಾರೆ.

ಊರಿನ ನಡುವೆ ಫೀರಿಸ್ ಎಂಬ ನದಿ ಹರಿಯುತ್ತದೆ. ಹೆಸರಿಗೆ ನದಿ, ಅಷ್ಟೇ. ಮಳೆಗಾಲದ ತುಂಗೆಯನ್ನು ನೋಡಿದವರು ಇದನ್ನು ಕಾಲುವೆ ಎಂದು ಕರೆದರೆ ತಪ್ಪಿಲ್ಲ. ಪೂರ್ವದ ದಂಡೆಯಲ್ಲಿ ರೈಲು ನಿಲ್ದಾಣ, ಪೇಟೆ. ಪಶ್ಚಿಮದ ದಂಡೆಯಲ್ಲಿ ಚರ್ಚು, ಗುಡ್ಡದ ಮೇಲೆ ಗುಲಾಬಿ ಬಣ್ಣದ ಕೋಟೆ, ಮತ್ತು ವಿಶ್ವವಿದ್ಯಾಲಯ. ಉತ್ತರ ಯೂರೋಪಿನ ಆ ನಾಡುಗಳಲ್ಲೆಲ್ಲ ಇದೇ ಅತ್ಯಂತ ಹಳೆಯ ವಿಶ್ವವಿದ್ಯಾಲಯ. ಸ್ಥಾಪನೆಯಾದದ್ದು 1477ರಲ್ಲಿ. ವಿಜಯನಗರದಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬರಲು ಆಗ ಇನ್ನೂ 32 ವರ್ಷ ಬಾಕಿಯಿತ್ತು.

ವಿಜ್ಞಾನ ಓದುವ ಮಕ್ಕಳಿಗೆ ಈ ಊರು ಗೊತ್ತಿಲ್ಲದೆಯೇ ಪರಿಚಿತ. ಹವಾಮಾನ ವರದಿಯಲ್ಲಿ ‘ಗರಿಷ್ಠ ಉಷ್ಣಾಂಶ 34 ಡಿಗ್ರಿ ಸೆಲ್ಸಿಯಸ್’ ಎಂದು ಕೇಳುತ್ತೇವಲ್ಲ, ಆ ಆಂಡರ್ಸ್ ಸೆಲ್ಸಿಯಸ್ ಇಲ್ಲಿಯ ಖಗೋಳ ಪ್ರಾಧ್ಯಾಪಕ. ಬೆಳಕಿನ ತರಂಗಗಳನ್ನು ಅಳೆಯುವ ಆಂಗ್‌ಸ್ಟ್ರಾಮ್ ಎಂಬ ಮಾನಕ್ಕೆ ಹೆಸರು ಕೊಟ್ಟವನೂ ಇಲ್ಲಿಯವನೇ. ಗಿಡಮರಗಳಿಗೆ ಎರಡು ಪದಗಳ ಹೆಸರಿಡುವ ಪದ್ಧತಿ ತಂದ ಲಿನೇಯಸ್ ಪಾಠ ಹೇಳಿದ್ದೂ ಇಲ್ಲೇ, ಮಣ್ಣಾದದ್ದೂ ಇದೇ ಚರ್ಚಿನೊಳಗೆ. ನಮ್ಮ ಹಿತ್ತಿಲ ಮಾವಿನ ಮರ ‘ಮ್ಯಾಂಜಿಫೆರ ಇಂಡಿಕ’ ಆದದ್ದು 1753ರ ಆತನ ಪುಸ್ತಕದಲ್ಲಿ. ಆತನ ಕಾಲದ ಕ್ರಮದಲ್ಲೇ ಗಿಡಗಳನ್ನು ಸಾಲಾಗಿ ನೆಟ್ಟ ತೋಟ ನದಿಯ ಹತ್ತಿರ ಈಗಲೂ ಇದೆ.

ಅಂತೂ ಅಳೆಯುವುದು, ಹೆಸರಿಡುವುದು, ಪಟ್ಟಿ ಮಾಡುವುದು ಉಪ್ಸಾಲದ ಹಳೆಯ ಚಟ. ಐವತ್ತು ವರ್ಷಗಳಿಂದೀಚೆಗೆ ಆ ಚಟ ಇನ್ನೊಂದು ವಸ್ತುವಿನ ಮೇಲೆ ತಿರುಗಿದೆ. ಆ ವಸ್ತು ಯುದ್ಧ.

ಇಪ್ಪತ್ತೈದು ಎಂಬ ಗೆರೆ

ಇಲ್ಲಿ ಶಾಂತಿ ಮತ್ತು ಸಂಘರ್ಷ ಸಂಶೋಧನೆಗೆಂದೇ ಪ್ರತ್ಯೇಕ ವಿಭಾಗ ಆರಂಭವಾದದ್ದು 1971ರಲ್ಲಿ. ನದಿಯ ದಂಡೆಯ ‘ಗಾಮ್ಲಾ ತೊರ್ಯೆಟ್’, ಅಂದರೆ ಹಳೇಪೇಟೆ ಚೌಕ, ಬಹುಕಾಲದಿಂದ ಅದರ ವಿಳಾಸ. 1985ರಲ್ಲಿ ಪೀಟರ್ ವಾಲೆನ್‌ಸ್ಟೀನ್ ಅಲ್ಲಿಯ ಮೊದಲ ಪ್ರಾಧ್ಯಾಪಕ ಪೀಠಕ್ಕೆ ಬಂದರು. ಅವರು ಕಟ್ಟಿದ ‘ಉಪ್ಸಾಲ ಸಂಘರ್ಷ ದತ್ತಾಂಶ ಯೋಜನೆ’ಯನ್ನು ಇಂದು ವಿಶ್ವಸಂಸ್ಥೆಯಿಂದ ಹಿಡಿದು ಪತ್ರಿಕೆಗಳವರೆಗೆ ಎಲ್ಲರೂ ಬಳಸುತ್ತಾರೆ. ಅಂತರರಾಷ್ಟ್ರೀಯ ಭದ್ರತೆ ಎಂದೊಡನೆ ಕ್ಷಿಪಣಿ, ಗೂಢಚಾರರು, ರಹಸ್ಯ ಕಡತಗಳನ್ನು ಕಲ್ಪಿಸಿಕೊಂಡು ಬರುವ ವಿದ್ಯಾರ್ಥಿಗೆ ಇಲ್ಲಿ ಮೊದಲ ನಿರಾಸೆ ಕಾದಿರುತ್ತದೆ. ಕಾಣುವುದು ಮೇಜು, ಕಂಪ್ಯೂಟರು, ರಾಶಿ ರಾಶಿ ಸುದ್ದಿ ವರದಿ, ಮತ್ತು ಅವುಗಳನ್ನು ಸಾಲುಸಾಲಾಗಿ ಓದುತ್ತ ಕೂತ ಎಳೆಯ ಸಂಶೋಧಕರು.

ಅವರು ಮಾಡುವ ಕೆಲಸವನ್ನು ಸರಳವಾಗಿ ಹೇಳಬಹುದು. ಲೋಕದಲ್ಲಿ ಎಲ್ಲೇ ಸಂಘಟಿತ ಹಿಂಸೆ ನಡೆದು ಜನ ಸತ್ತರೂ ಆ ಘಟನೆಗೆ ಪಟ್ಟಿಯಲ್ಲಿ ಒಂದು ಸಾಲು. ಯಾವ ದಿನ, ಯಾವ ಊರು, ಆ ಊರಿನ ಅಕ್ಷಾಂಶ ರೇಖಾಂಶ, ಹೊಡೆದಾಡಿದವರು ಯಾರು ಯಾರು, ಸತ್ತವರು ಎಷ್ಟು. ಸರ್ಕಾರವೊಂದು ಭಾಗಿಯಾದ ಕಾಳಗ ಒಂದು ಬಗೆ. ಸರ್ಕಾರದ ಪಾತ್ರವಿಲ್ಲದೆ ಗುಂಪು ಗುಂಪುಗಳೇ ಕಾದಾಡುವುದು ಎರಡನೆಯ ಬಗೆ. ಆಯುಧವಿಲ್ಲದ ಜನರ ಮೇಲೆ ಸೈನ್ಯವೋ ಗುಂಪೋ ಎರಗಿ ಕೊಲ್ಲುವುದು ಮೂರನೆಯದು. ಒಂದು ಕ್ಯಾಲೆಂಡರ್ ವರ್ಷದಲ್ಲಿ 25 ಸಾವು ಆದರೆ ಅದು ಪಟ್ಟಿಗೆ ಸೇರುತ್ತದೆ. ಸರ್ಕಾರ ಭಾಗಿಯಾದ ಕಾಳಗದಲ್ಲಿ ಆ ಸಂಖ್ಯೆ 1000 ಮುಟ್ಟಿದರೆ ‘ಯುದ್ಧ’ ಎಂಬ ಹೆಸರು.

ಇಪ್ಪತ್ತೈದೇ ಏಕೆ, ಇಪ್ಪತ್ನಾಲ್ಕು ಏಕಲ್ಲ? ಚುರುಕಾದ ವಿದ್ಯಾರ್ಥಿ ಕೇಳಲೇಬೇಕಾದ ಪ್ರಶ್ನೆ. ಉತ್ತರಕ್ಕೆ ಸೆಲ್ಸಿಯಸ್‌ನ ಥರ್ಮಾಮೀಟರನ್ನೇ ನೋಡಬಹುದು. 1742ರಲ್ಲಿ ಆತ ಮಾಡಿದ ಅಳತೆಯಲ್ಲಿ ನೀರು ಕುದಿಯುವುದು ಸೊನ್ನೆಗೆ, ಹೆಪ್ಪುಗಟ್ಟುವುದು ನೂರಕ್ಕೆ! ಆತ ತೀರಿಕೊಂಡ ಮೇಲೆ ಅದನ್ನು ತಲೆಕೆಳಗು ಮಾಡಿದರು. ನೀರಿಗೆ ಇದರಿಂದ ಏನೂ ಆಗಲಿಲ್ಲ. ಸೊನ್ನೆ ಎಲ್ಲಿರಬೇಕೆಂಬುದು ಮನುಷ್ಯರ ಒಪ್ಪಂದ. ಆದರೆ ಒಮ್ಮೆ ಇಟ್ಟ ಮೇಲೆ ಎಲ್ಲ ಊರಿಗೂ ಎಲ್ಲ ವರ್ಷಕ್ಕೂ ಅದೇ ಸೊನ್ನೆ ಇರಬೇಕು. ಇಲ್ಲವಾದರೆ ಹೋಲಿಕೆ ಸಾಧ್ಯವಿಲ್ಲ.

ಗೆರೆ ಎಲ್ಲಿ ಎಳೆಯುತ್ತೇವೆ ಎನ್ನುವುದು ಮಾತ್ರ ಸಣ್ಣ ಮಾತಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ 1963ರಲ್ಲಿ ಶುರುವಾದ ಇಂಥದೇ ಒಂದು ಯೋಜನೆ ಸಾವಿರ ಸಾವನ್ನು ಮೆಟ್ಟಿಲಾಗಿ ಇಟ್ಟುಕೊಂಡಿತು. ಆ ಜರಡಿಯಲ್ಲಿ ದೊಡ್ಡ ಯುದ್ಧಗಳು ಮಾತ್ರ ಉಳಿಯುತ್ತವೆ. ಎಲ್ಲೋ ಕಾಡಂಚಿನ ಜಿಲ್ಲೆಯಲ್ಲಿ ವರ್ಷಕ್ಕೆ ನಲವತ್ತು, ಐವತ್ತು ಜನರನ್ನು ನುಂಗುತ್ತ ಇಪ್ಪತ್ತು ವರ್ಷ ಎಳೆಯುವ ಕಾಳಗ ಕೆಳಗೆ ಸೋರಿಹೋಗುತ್ತದೆ. ಉಪ್ಸಾಲದ ಜರಡಿಯ ಕಣ್ಣು ಸಣ್ಣದು.

ಸತ್ತವರ ಸಂಖ್ಯೆ ನಿರ್ಧರಿಸುವುದು ಹೇಗೆ? ಹೀಗೆಂದುಕೊಳ್ಳೋಣ: ಒಂದು ಹಳ್ಳಿಯ ಬಳಿ ಗುಂಡಿನ ಚಕಮಕಿ ನಡೆಯಿತು. ಸೇನೆಯ ಪ್ರಕಟಣೆ 30 ಬಂಡುಕೋರರು ಸತ್ತರೆನ್ನುತ್ತದೆ. ಬಂಡುಕೋರರು ತಮ್ಮವರು ಎಂಟೇ ಮಂದಿ ಎನ್ನುತ್ತಾರೆ. ಸ್ಥಳಕ್ಕೆ ಹೋದ ವರದಿಗಾರ 14 ಹೆಣ ಎಣಿಸಿದ್ದಾನೆ. ಪಟ್ಟಿ ಮಾಡುವವರು ಯಾರು ಹೇಳಿದ್ದು, ಅವರಿಗೆ ಹೇಗೆ ತಿಳಿಯಿತು, ಸುಳ್ಳು ಹೇಳಿದರೆ ಯಾರಿಗೆ ಲಾಭ ಎಂದು ಒಂದೊಂದನ್ನೂ ತೂಗುತ್ತಾರೆ. ಕೊನೆಗೆ ಮೂರು ಸಂಖ್ಯೆ ಬರೆಯುತ್ತಾರೆ: ಕನಿಷ್ಠ, ಗರಿಷ್ಠ, ಮತ್ತು ಹೆಚ್ಚು ನಂಬಬಹುದಾದದ್ದು. ಪ್ರಯೋಗಶಾಲೆಯಲ್ಲಿ ಲೋಲಕದ ಅವಧಿ ಅಳೆದು ‘ಇಷ್ಟು ಹೆಚ್ಚು ಕಡಿಮೆ’ ಎಂದು ಪಕ್ಕದಲ್ಲಿ ಬರೆಸುತ್ತಾರಲ್ಲ, ಅದೇ ಶಿಸ್ತು.

ಮುಖಪುಟಕ್ಕೆ ಬಾರದವರು

ಇದರಿಂದ ಏನು ಉಪಯೋಗ ಎಂದು ಕೇಳುವವರಿಗೆ 2022ರ ಉದಾಹರಣೆ ಸಾಕು. ಆ ವರ್ಷ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ಟಿ.ವಿ. ಹಾಕಿದರೆ ಅದೇ, ಪತ್ರಿಕೆ ತೆರೆದರೆ ಅದೇ. ಅದೇ ಹೊತ್ತಿಗೆ ಆಫ್ರಿಕದ ಇಥಿಯೋಪಿಯದಲ್ಲಿ, ಟಿಗ್ರೇ ಎಂಬ ಪ್ರಾಂತದಲ್ಲಿ, ಇನ್ನೊಂದು ಯುದ್ಧ ನಡೆಯುತ್ತಿತ್ತು. ಅಲ್ಲಿಗೆ ಫೋನು ಇಲ್ಲ, ಇಂಟರ್‌ನೆಟ್ ಕಡಿತ, ಪತ್ರಕರ್ತರಿಗೆ ಪ್ರವೇಶವಿಲ್ಲ. ವರ್ಷ ಮುಗಿದು ಲೆಕ್ಕ ಕೂಡಿಸಿದಾಗ ಉಪ್ಸಾಲದ ಪಟ್ಟಿಯಲ್ಲಿ ಉಕ್ರೇನಿಗಿಂತ ಇಥಿಯೋಪಿಯದ ಸಾವುಗಳೇ ಹೆಚ್ಚಾಗಿದ್ದವು. ಎರಡೂ ಸೇರಿ ಆ ವರ್ಷದ ಒಟ್ಟು ಸಾವು ಎರಡು ಲಕ್ಷ ದಾಟಿತು. 1994ರ ನಂತರ ಅಷ್ಟು ಜನ ಸತ್ತ ವರ್ಷ ಇನ್ನೊಂದಿರಲಿಲ್ಲ.

1994 ಎಂದರೆ ರುವಾಂಡ. ಸುಮಾರು ನೂರು ದಿನಗಳಲ್ಲಿ ಐದರಿಂದ ಎಂಟು ಲಕ್ಷ ಜನರ ಕೊಲೆಯಾಯಿತು ಎಂಬುದು ಅಂದಾಜು. ವಿಭಾಗ ಪ್ರಕಟಿಸುವ ನಕ್ಷೆಯಲ್ಲಿ ಆ ವರ್ಷದ ಕಂಬ ಮಿಕ್ಕೆಲ್ಲವನ್ನೂ ಕುಬ್ಜಗೊಳಿಸಿ ಒಂಟಿಯಾಗಿ ನಿಂತಿದೆ. ಮೊದಲ ಸಲ ಅದನ್ನು ಕಂಡ ವಿದ್ಯಾರ್ಥಿ ಅಚ್ಚಿನ ತಪ್ಪೆಂದು ತಿಳಿದರೆ ಆಶ್ಚರ್ಯವಿಲ್ಲ.

ಈ ಲೆಕ್ಕದಲ್ಲಿ ಸೇರದವರೂ ಇದ್ದಾರೆ. ಗುಂಡು, ಬಾಂಬು, ಕತ್ತಿಗೆ ನೇರವಾಗಿ ಸತ್ತವರು ಮಾತ್ರ ಇಲ್ಲಿಯ ಪಟ್ಟಿಗೆ ಬರುತ್ತಾರೆ. ಯುದ್ಧಕ್ಕೆ ಹೆದರಿ ಕಾಡು ಸೇರಿ ಮಲೇರಿಯದಿಂದ ಸತ್ತ ಮಗು, ಆಸ್ಪತ್ರೆ ಸುಟ್ಟುಹೋದ್ದರಿಂದ ಹೆರಿಗೆಯಲ್ಲಿ ತೀರಿದ ತಾಯಿ ಬರುವುದಿಲ್ಲ. ಕಾಂಗೋ ದೇಶದಲ್ಲಿ 1998ರಿಂದ 2007ರವರೆಗೆ ಯುದ್ಧದ ಕಾರಣ 54 ಲಕ್ಷ ಜನ ಸತ್ತರೆಂದು ಒಂದು ಪರಿಹಾರ ಸಂಸ್ಥೆ ಅಂದಾಜು ಮಾಡಿತು. ಆ ಸಂಖ್ಯೆಯ ಬಗ್ಗೆ ವಿದ್ವಾಂಸರಲ್ಲಿ ಜಗಳವಿದೆ. ಆದರೆ ಅಲ್ಲಿ ಬಹುಪಾಲು ಜನ ಸತ್ತದ್ದು ಗುಂಡಿನಿಂದಲ್ಲ, ರೋಗ ಮತ್ತು ಅಪೌಷ್ಟಿಕತೆಯಿಂದ ಎಂಬುದರಲ್ಲಿ ಜಗಳವಿಲ್ಲ. ಭದ್ರತೆ ಎಂದರೆ ಗಡಿಯ ಭದ್ರತೆಯೊಂದೇ ಅಲ್ಲ, ಅನ್ನ ಆರೋಗ್ಯಗಳ ಭದ್ರತೆಯೂ ಸೇರಬೇಕೆಂದು ವಿಶ್ವಸಂಸ್ಥೆಯ ಅಭಿವೃದ್ಧಿ ವರದಿ ಹೇಳಿದ್ದು 1994ರಲ್ಲೇ. ಈ ವಾದ ತರಗತಿಗಳಲ್ಲಿ ಇನ್ನೂ ಮುಗಿದಿಲ್ಲ.

ಇತ್ತೀಚಿನ ಸಂಖ್ಯೆಗಳು ನೆಮ್ಮದಿ ತರುವಂಥವಲ್ಲ. ಸರ್ಕಾರಗಳು ಭಾಗಿಯಾದ ಸಂಘರ್ಷಗಳು 2023ರಲ್ಲಿ 59 ಇದ್ದವು, 2024ರಲ್ಲಿ 61 ಆದವು. ಪಟ್ಟಿ ಶುರುವಾಗುವ 1946ರಿಂದ ಈಚೆಗೆ ಇದೇ ಅತಿ ಹೆಚ್ಚು.

ಕೋಟೆಯ ಹುಡುಗ

ನದಿಯಿಂದ ಗುಡ್ಡ ಹತ್ತಿದರೆ ಕೋಟೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಲ್ಲಿಯ ಪ್ರಾಂತಾಧಿಕಾರಿಯ ಮಗನೊಬ್ಬ ಅದರೊಳಗೇ ಬೆಳೆದ. ಆತ ಡಾಗ್ ಹ್ಯಾಮರ್‌ಷೋಲ್ಡ್. ಓದಿದ್ದು ಇದೇ ವಿಶ್ವವಿದ್ಯಾಲಯದಲ್ಲಿ. 1953ರಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾದರು. 1961ರ ಸೆಪ್ಟೆಂಬರ್ 18ರಂದು, ಕಾಂಗೋ ಸಂಧಾನಕ್ಕೆ ಹೊರಟಿದ್ದಾಗ, ಈಗಿನ ಜಾಂಬಿಯದ ಎಂಡೋಲ ಬಳಿ ಅವರ ವಿಮಾನ ಬಿದ್ದಿತು. ವಿಮಾನದಲ್ಲಿದ್ದ 16 ಮಂದಿಯೂ ಉಳಿಯಲಿಲ್ಲ. ಅದು ಅಪಘಾತವೋ ದಾಳಿಯೋ ಎಂಬ ಪ್ರಶ್ನೆಯನ್ನು ವಿಶ್ವಸಂಸ್ಥೆ ಅರ್ಧ ಶತಮಾನದ ಮೇಲೂ ಮತ್ತೆ ಕೈಗೆತ್ತಿಕೊಂಡಿತು. ಆ ವರ್ಷದ ಶಾಂತಿ ನೊಬೆಲ್ ಅವರಿಗೆ ಮರಣೋತ್ತರವಾಗಿ ಬಂತು. ಊರಿನ ಹಳೆಯ ಸ್ಮಶಾನದಲ್ಲಿ ಅವರ ಕುಟುಂಬದ ಸಮಾಧಿಗಳ ನಡುವೆ ಅವರದೂ ಇದೆ. ವಿಭಾಗದ ಪ್ರಾಧ್ಯಾಪಕ ಪೀಠಕ್ಕೆ ಅವರದೇ ಹೆಸರು.

ಇರಾಕಿನಲ್ಲಿ ಮಹಾವಿನಾಶಕ ಅಸ್ತ್ರಗಳಿಗಾಗಿ 2003ರವರೆಗೆ ಹುಡುಕಿದ ತಪಾಸಣಾ ತಂಡದ ಮುಖ್ಯಸ್ಥ ಹ್ಯಾನ್ಸ್ ಬ್ಲಿಕ್ಸ್ ಕೂಡ ಉಪ್ಸಾಲದಲ್ಲೇ ಹುಟ್ಟಿ ಕಾನೂನು ಓದಿದವರು. ಇನ್ನಷ್ಟು ಕಾಲ ಕೊಡಿ, ಹುಡುಕುತ್ತೇವೆ ಎಂದು ಅವರು ಹೇಳುತ್ತಿದ್ದಾಗಲೇ ಯುದ್ಧ ಶುರುವಾಯಿತು. ಆಮೇಲೂ ಅಂಥ ಅಸ್ತ್ರಗಳ ದಾಸ್ತಾನು ಸಿಗಲಿಲ್ಲ.

ಕೊಡಗಿನ ಓದುಗರಿಗೆ ಇಲ್ಲೊಂದು ನಂಟಿದೆ. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ ತಾಯ್ನಾಡಿಗೆ ಮರಳಲೊಪ್ಪದ 22 ಸಾವಿರಕ್ಕೂ ಹೆಚ್ಚು ಸೆರೆಯಾಳುಗಳ ಗತಿ ಏನೆಂದು ತೀರ್ಮಾನಿಸಲು ಐದು ತಟಸ್ಥ ದೇಶಗಳ ಆಯೋಗವಾಯಿತು. ಸ್ವೀಡನ್ ಅದರ ಒಬ್ಬ ಸದಸ್ಯ. ಅಧ್ಯಕ್ಷತೆ ಭಾರತದ್ದು, ಕುರ್ಚಿಯಲ್ಲಿ ಕೂತವರು ಮಡಿಕೇರಿಯ ಕೆ.ಎಸ್. ತಿಮ್ಮಯ್ಯ. ಮುಂದೆ ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯನ್ನು ನಡೆಸುತ್ತಿದ್ದಾಗಲೇ, 1965ರ ಡಿಸೆಂಬರಿನಲ್ಲಿ, ಜನರಲ್ ತಿಮ್ಮಯ್ಯ ತೀರಿಕೊಂಡರು. ಆ ಪಡೆಯಲ್ಲಿ ಸ್ವೀಡನ್ನಿನ ಸೈನಿಕರೂ ಇದ್ದರು. ಮಡಿಕೇರಿಯಲ್ಲಿ ಅವರ ಮನೆ ‘ಸನ್ನಿ ಸೈಡ್’ ಈಗ ವಸ್ತುಸಂಗ್ರಹಾಲಯವಾಗಿದೆ. ಪಠ್ಯಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿಯುವ ‘ಶಾಂತಿಪಾಲನೆ’ ಎಂಬ ಪದದ ಹಿಂದೆ ಏನಿತ್ತೆಂದು ತಿಳಿಯಲು ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬಹುದು.

ಕೋಟೆಯ ಬುಡದಲ್ಲೇ ವಿಶ್ವವಿದ್ಯಾಲಯದ ದೊಡ್ಡ ಗ್ರಂಥಾಲಯ. ಅಲ್ಲಿ ನೇರಳೆ ಬಣ್ಣದ ಚರ್ಮದ ಹಾಳೆಗಳ ಮೇಲೆ ಬೆಳ್ಳಿಯ ಅಕ್ಷರಗಳಲ್ಲಿ ಬರೆದ ಆರನೆಯ ಶತಮಾನದ ಬೈಬಲ್ ಇದೆ. ನೋಡಲು ಜನ ಮುಗಿಬೀಳುತ್ತಾರೆ. 1648ರಲ್ಲಿ ಸ್ವೀಡನ್ನಿನ ಸೈನ್ಯ ಪ್ರಾಗ್ ನಗರವನ್ನು ದೋಚಿದಾಗ ತಂದ ಕೊಳ್ಳೆಯಲ್ಲಿ ಅದೂ ಒಂದು. ಶಾಂತಿ ಕಲಿಸುವ ಊರಿನ ಅತಿ ಬೆಲೆಬಾಳುವ ಪುಸ್ತಕ ಹೀಗೆ ಬಂದದ್ದು!

ಹವಾಮಾನದಂತೆ ಮುನ್ಸೂಚನೆ

1722ರಿಂದ ಉಷ್ಣಾಂಶದ ದಾಖಲೆ ಇಟ್ಟುಕೊಂಡು ಬಂದ ಊರು ಇದು. ಎಣಿಕೆ ಸಾಕಷ್ಟು ಕೂಡಿದ ಮೇಲೆ ಮುಂದಿನದನ್ನು ಹೇಳಬಹುದೇ ಎಂಬ ಆಸೆ ಸಹಜವೇ. ಹೊವಾರ್ಡ್ ಹೆಗ್ರೆ ಎಂಬ ಪ್ರಾಧ್ಯಾಪಕರ ನೇತೃತ್ವದಲ್ಲಿ 2017ರಲ್ಲಿ ಇಲ್ಲಿ ಹಿಂಸೆಯ ಮುನ್ಸೂಚನೆಯ ಕೆಲಸ ಶುರುವಾಯಿತು. ಯಾವ ಪ್ರದೇಶದಲ್ಲಿ ಮುಂದಿನ ತಿಂಗಳುಗಳಲ್ಲಿ ಹಿಂಸೆ ಎಷ್ಟಾದೀತು ಎಂದು ಮೂರು ವರ್ಷ ಮುಂದಿನವರೆಗೆ ಲೆಕ್ಕ ಹಾಕುತ್ತಾರೆ. ಹಳೆಯ ಸಂಘರ್ಷ ಮುಂದುವರಿಯುವುದನ್ನು ಹೇಳುವುದು ಕಷ್ಟವಲ್ಲ. ನಿನ್ನೆ ಮಳೆ ಬಂದಲ್ಲಿ ಇಂದೂ ಬಂದೀತು ಎಂದಂತೆ. ಬಹುಕಾಲ ಶಾಂತವಾಗಿದ್ದ ಕಡೆ ದಿಢೀರನೆ ಹೊತ್ತಿಕೊಳ್ಳುವುದನ್ನು ಹೇಳುವುದೇ ಕಷ್ಟ. ಬೇಕಾದದ್ದೂ ಅದೇ.

ಸ್ವೀಡನ್ನಿಗೇ ಈಗ ಆ ಭಯ ತಟ್ಟಿದೆ. 1814ರಿಂದ ಯುದ್ಧ ಮಾಡದ ದೇಶ, ತಟಸ್ಥ ಎಂದು ಹೆಸರಾದ ದೇಶ, 2024ರ ಮಾರ್ಚ್ 7ರಂದು ನ್ಯಾಟೋ ಸೈನಿಕ ಕೂಟವನ್ನು ಸೇರಿತು. ಬಿಕ್ಕಟ್ಟು ಅಥವಾ ಯುದ್ಧ ಬಂದರೆ ಮನೆಯಲ್ಲಿ ಏನೇನು ಇಟ್ಟುಕೊಳ್ಳಬೇಕೆಂದು ತಿಳಿಸುವ ಕಿರುಪುಸ್ತಕ ಅದೇ ವರ್ಷ ಮನೆಮನೆಗೂ ಬಂತು. 2003ರಲ್ಲಿ ಮುಚ್ಚಿದ್ದ ಉಪ್ಸಾಲದ ವಾಯುಪಡೆ ದಳವನ್ನು 2021ರಲ್ಲಿ ಮತ್ತೆ ಸ್ಥಾಪಿಸಲಾಯಿತು. ಅಷ್ಟಕ್ಕೂ ಈ ದೇಶ ಆಯುಧಕ್ಕೆ ಅಪರಿಚಿತವೇನಲ್ಲ. ಬೊಫೋರ್ಸ್ ಎಂಬ ಹೆಸರು ಹಿರಿಯ ಓದುಗರಿಗೆ ನೆನಪಿರಲೇಬೇಕು. 1986ರ ಆ ಫಿರಂಗಿ ವ್ಯವಹಾರದ ಲಂಚದ ಸುದ್ದಿ ಮರುವರ್ಷ ಹೊರಬಿದ್ದದ್ದು ಸ್ವೀಡನ್ನಿನ ರೇಡಿಯೋದಿಂದಲೇ.

ತಂದೆತಾಯಿ ಕೇಳುವ ಪ್ರಶ್ನೆ

ಇದನ್ನು ಓದಿದರೆ ಕೆಲಸ ಏನು ಸಿಗುತ್ತದೆ? ಮಗಳನ್ನು ಅಷ್ಟು ದೂರ ಕಳಿಸಲು ಯೋಚಿಸುವ ತಂದೆ ತಾಯಿ ಕೇಳಬೇಕಾದದ್ದೇ. ಎಂಜಿನಿಯರಿಂಗ್ ಕಾಲೇಜಿನಂತೆ ಕಂಪನಿಗಳು ಬಾಗಿಲಿಗೆ ಬಂದು ಆರಿಸಿಕೊಂಡು ಹೋಗುವ ವಿಷಯ ಇದಲ್ಲ. ವಿಶ್ವಸಂಸ್ಥೆ, ವಿದೇಶಾಂಗ ಇಲಾಖೆಗಳು, ಪರಿಹಾರ ಸಂಸ್ಥೆಗಳು, ಸಂಶೋಧನಾ ಸಂಸ್ಥೆಗಳು, ಪತ್ರಿಕೆಗಳು ಇಂಥವರನ್ನು ತೆಗೆದುಕೊಳ್ಳುತ್ತವೆ. ವಿಮೆ ಮತ್ತು ಹಡಗು ಸಾಗಣೆಯ ಸಂಸ್ಥೆಗಳಿಗೂ ಅಪಾಯ ಅಳೆಯುವವರು ಬೇಕು. ಆದರೆ ಕಾಯಬೇಕಾದೀತು.

ಎರಡು ವರ್ಷದ ಸ್ನಾತಕೋತ್ತರ ಪದವಿಯ ಪಾಠ ಇಂಗ್ಲಿಷಿನಲ್ಲೇ. ಯುದ್ಧದ ಕಾರಣಗಳು, ಸಂಧಾನ, ಒಪ್ಪಂದಗಳು ಏಕೆ ಮುರಿಯುತ್ತವೆ ಎಂಬುದರ ಜೊತೆಗೆ ಸಂಖ್ಯಾಶಾಸ್ತ್ರ ತಪ್ಪುವುದಿಲ್ಲ. ಗಣಿತಕ್ಕೆ ಹೆದರಿ ಕಲಾ ವಿಭಾಗಕ್ಕೆ ಹೋದವರು ಇಲ್ಲಿ ಅದರ ಕೈಗೇ ಮತ್ತೆ ಸಿಕ್ಕಿಬೀಳುತ್ತಾರೆ. ಪ್ರೌಢಪ್ರಬಂಧ ಒಪ್ಪಿಸುವ ದಿನ ಇನ್ನೊಬ್ಬ ವಿದ್ಯಾರ್ಥಿಯೇ ‘ಎದುರಾಳಿ’ಯಾಗಿ ಕೂತು ಒಂದೊಂದೇ ಹುಳುಕು ಎತ್ತುವುದು ಅಲ್ಲಿನ ಪದ್ಧತಿ. ಪ್ರಾಧ್ಯಾಪಕರನ್ನೂ ಹೆಸರು ಹಿಡಿದೇ ಕರೆಯಬೇಕು. ‘ಸಾರ್’ ಎಂದು ಎದ್ದು ನಿಂತು ಬೆಳೆದ ಮಕ್ಕಳ ನಾಲಿಗೆ ಇದಕ್ಕೆ ಬೇಗ ಒಗ್ಗುವುದಿಲ್ಲ.

ಖರ್ಚಿನ ಮಾತು. ಯೂರೋಪ್ ಒಕ್ಕೂಟದ ಆಚೆಯವರಿಗೆ 2011ರಿಂದ ಶುಲ್ಕವಿದೆ. ಕೈಯಲ್ಲಿ ಜೀವನಕ್ಕೆ ಹಣವಿದೆಯೆಂದು ತೋರಿಸದೆ ವಾಸದ ಪರವಾನಗಿ ಸಿಗದು. ರೋಟರಿ ಸಂಸ್ಥೆಯ ಶಾಂತಿ ಕೇಂದ್ರವೊಂದು ಈ ವಿಭಾಗದಲ್ಲಿದ್ದು, ಆಯ್ಕೆಯಾದವರಿಗೆ ಪೂರ್ಣ ವೆಚ್ಚದ ವಿದ್ಯಾರ್ಥಿವೇತನ ಕೊಡುತ್ತದೆ. ಅದಕ್ಕೆ ಕೆಲಸದ ಅನುಭವ ಬೇಕು. ಪಿಎಚ್.ಡಿ. ಸೇರಿದವರಿಗೆ ವಿಶ್ವವಿದ್ಯಾಲಯವೇ ಸಂಬಳ ಕೊಡುತ್ತದೆ, ಆದರೆ ಸ್ಥಾನಗಳು ಬೆರಳೆಣಿಕೆ. ಮರುವರ್ಷದ ಸ್ನಾತಕೋತ್ತರ ಪ್ರವೇಶಕ್ಕೆ ಅರ್ಜಿಯ ಕೊನೆಯ ದಿನ ಸಾಮಾನ್ಯವಾಗಿ ಜನವರಿಯ ನಡುಭಾಗ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರರೊಳಗೇ ಸೂರ್ಯ ಮುಳುಗುವ ಊರೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮನೆಯ ನೆನಪು ಕಾಡುವುದು ಆ ಕತ್ತಲೆಯಲ್ಲೇ. ಊಟ ಆಟಕ್ಕೆ ಹಳೆಯ ಕಾಲದ 13 ‘ನೇಷನ್’ಗಳಿವೆ. ನಾಡಿನ ಒಂದೊಂದು ಸೀಮೆಯ ವಿದ್ಯಾರ್ಥಿಗಳು ಕಟ್ಟಿಕೊಂಡ ಸಂಘಗಳಿವು. ಈಗ ಯಾವ ದೇಶದವರೂ ಸೇರಬಹುದು.

ಅಂಕ ಕಡಿಮೆ ಬಂದವರಿಗೆ ಇಲ್ಲಿನ ಒಂದು ಕಥೆ ಸಮಾಧಾನ ತರಬಹುದು. 1884ರಲ್ಲಿ ಸ್ವಾಂಟೆ ಅರೇನಿಯಸ್ ಒಪ್ಪಿಸಿದ ಪ್ರಬಂಧಕ್ಕೆ ಈ ವಿಶ್ವವಿದ್ಯಾಲಯ ತೀರ ಕೆಳಗಿನ ದರ್ಜೆ ಕೊಟ್ಟಿತು. ಅದೇ ವಿಚಾರ 1903ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ತಂದಿತು.

ಇದೇ ವಿದ್ಯೆಗೆ ದೇಶದೊಳಗೂ ದಾರಿಯಿದೆ. ದೆಹಲಿಯಲ್ಲಿ 1955ರಲ್ಲಿ ಶುರುವಾದ ಅಂತರರಾಷ್ಟ್ರೀಯ ಅಧ್ಯಯನ ಶಾಲೆ 1970ರಲ್ಲಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಭಾಗವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ 1988ರಲ್ಲಿ ಆರಂಭವಾದಾಗ ಮೊದಲ ನಿರ್ದೇಶಕರು ಅಣುವಿಜ್ಞಾನಿ ರಾಜಾ ರಾಮಣ್ಣ. ತುಮಕೂರಿನಲ್ಲಿ ಹುಟ್ಟಿ, 1974ರ ಪೋಖ್ರಾನ್ ಸ್ಫೋಟದಲ್ಲಿ ಮುಖ್ಯ ಪಾತ್ರ ವಹಿಸಿದವರು. ಅಲ್ಲಿಯೂ ಭದ್ರತಾ ಅಧ್ಯಯನ ನಡೆಯುತ್ತದೆ. ಇನ್ನು ಉಪ್ಸಾಲದ ಪಟ್ಟಿಯನ್ನು ನೋಡಲು ಉಪ್ಸಾಲಕ್ಕೆ ಹೋಗಬೇಕಿಲ್ಲ. ಅದು ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ಉಚಿತ. ಭೂಗೋಳದ ತರಗತಿಯಲ್ಲಿ ಒಂದು ಖಾಲಿ ಭೂಪಟವಿಟ್ಟು ಒಂದು ವರ್ಷದ ಚುಕ್ಕಿಗಳನ್ನು ಮಕ್ಕಳಿಂದಲೇ ಹಾಕಿಸಬಹುದು.

ಹಿಂದಿನ ವರ್ಷದ ಲೆಕ್ಕ ಪ್ರಕಟವಾಗುವುದು ಜೂನ್ ಹೊತ್ತಿಗೆ. ಆಗ ಅಲ್ಲಿ ರಾತ್ರಿ ಹನ್ನೊಂದಕ್ಕೂ ಪೂರ್ತಿ ಕತ್ತಲಾಗುವುದಿಲ್ಲ, ವಿದ್ಯಾರ್ಥಿಗಳು ಊರಿಗೆ ಹೋಗಿರುತ್ತಾರೆ. ಹೊಸ ಪಟ್ಟಿ ಬರುವಾಗ ಹಳೆಯ ವರ್ಷಗಳ ಸಾಲುಗಳನ್ನೂ ತಿದ್ದುತ್ತಾರೆ. ಎಲ್ಲೋ ನ್ಯಾಯಾಲಯದಲ್ಲಿ ಸಾಕ್ಷಿಯೊಬ್ಬ ಬಾಯಿಬಿಟ್ಟಿರುತ್ತಾನೆ, ಎಲ್ಲೋ ತಡವಾಗಿ ಒಂದು ವರದಿ ಹೊರಬಂದಿರುತ್ತದೆ. ಹತ್ತು ವರ್ಷದ ಹಿಂದೆ ಸತ್ತವರು ಆ ವರ್ಷದ, ಆ ಊರಿನ ಸಾಲಿಗೆ ಹೋಗಿ ಸೇರುತ್ತಾರೆ.